ನಮ್ಮ ಮನೆಯಲ್ಲಿ ಕೋಳಿಯ ಬಾಣಂತನ

ಇವತ್ತು ಗಂಜಿ ಹಾಕಿದ ನೂಲಿನ ವಾಸನೆ ಬಂದಾಗ ಬನಹಟ್ಟಿಯ ನಮ್ಮ ಹಳೆಯ ನೇಕಾರಿಕೆಯ ಮನೆ ಕಣ್ಣ ಮುಂದೆ ಬಂತು, ಜೊತೆಗೆ ಅಜ್ಜಿಯೂ.

ಅಜ್ಜಿ ಲಿಂಗಪೂಜೆ ಆಗದೆ ನೀರು ಕುಡಿಯುತ್ತಿರಲಿಲ್ಲ. ಮನೆಯಲ್ಲಿ ತತ್ತಿಯ ಹೆಸರನ್ನೂ ಎತ್ತುವಂತಿರಲಿಲ್ಲ. ಅಂಥಲ್ಲಿ ಪಕ್ಕದ ಮನೆಯ ಯಲ್ಲವ್ವ ಕಾಕಿಯ ಕೋಳಿ, ಮಗ್ಗದ ಹಿಂದಿನ ಹಳೆಯ ಬುಟ್ಟಿಯಲ್ಲಿ ಕದ್ದು ತತ್ತಿಯಿಟ್ಟು ಕಾವಿಗೆ ಕುಳಿತುಬಿಟ್ಟಿತ್ತು.

ಒಯ್ಯಲು ಬಂದ ಕಾಕಿಯನ್ನು ಅಜ್ಜಿಯೇ ತಡೆದಳು. "ಕಾವಿಗೆ ಕುಂತಾಕಿನ್ನ ಎಬ್ಬಸಬ್ಯಾಡ ಬೇ, ಪಾಪ ಬರ್ತೈತಿ."

"ನಾಳೆ ಪೂಜಿಗೂ ಬಾಜೂ ಕುಂದ್ರಿಸ್ಕೋ ಯವ್ವಾ," ಎಂದು ಅಪ್ಪ ನಕ್ಕ. ಅಜ್ಜಿ ಮಾತ್ರ ದಿನವೂ ದೂರದಿಂದಲೇ ನುಚ್ಚು, ನೀರು ಸರಿಸುತ್ತಿದ್ದಳು.

ಮರಿಗಳಾದ ಮೇಲೆ ಕಾಕಿ ಬಂದಳು. "ಮರಿ ಬಲೀಲಿ, ಬೀಗರು ಬಂದಾಗ ಈಕಿನ್ನ ಕೊಯ್ತೀನಿ."

ಅಜ್ಜಿ ಒಳಗೆ ಹೋಗಿ ಮೊರದಲ್ಲಿ ಜೋಳ ತಂದಳು. ಎಂದೂ ಕೋಳಿ ಮುಟ್ಟದವಳು ಅದನ್ನೆತ್ತಿ ಕಾಕಿಯ ಸೆರಗಿಗೆ ಹಾಕಿ, ಮಡಿಲು ತುಂಬುವಂತೆ ಮೇಲೆ ಒಂದು ಹಿಡಿ ಜೋಳ ಸುರಿದಳು.

"ಬಾಣಂತನ ನಮ್ಮನ್ಯಾಗ ಆತು, ಉಡೀನೂ ತುಂಬೀನಿ. ಈಗ ಈಕಿ ನಮ್ಮನಿ ಮಗಳು. ಹೆಂಗ ಕೊಯ್ತಿ ನೋಡ್ತೀನಿ."

ಕಾಕಿ ಕೊಯ್ಯಲಿಲ್ಲ. ಕಾವು ಬಂದಾಗಲೆಲ್ಲ ಆ ಕೋಳಿ ಸೀದಾ ನಮ್ಮ ಮನೆಗೇ ಬರುತ್ತಿತ್ತು. ಕಾಕಿ ಗೋಡೆಯಾಚೆಯಿಂದ ಕೂಗುತ್ತಿದ್ದಳು: "ಅತ್ತೀ, ನಿಮ್ಮ ಮಗಳು ತವರಿಗೆ ಬಂದಾಳ ನೋಡ್ರಿ!"

ಇಂದಿಗೂ ಅಂಗಳಕ್ಕೆ ಬಂದ ಕೋಳಿಯನ್ನು ಅಟ್ಟಲು ನನಗೆ ಕೈ ಏಳುವುದಿಲ್ಲ.