ಬಾಗಿಲಾಚೆಯ ಒಪ್ಪಿಗೆ

ತೋಟ ಕೊಳ್ಳುವವರಿಗೆ ನಾನು ಹೇಳುವ ಬುದ್ಧಿಮಾತು ಒಂದೇ: ಮರ ಎಣಿಸುವ ಮೊದಲು ಆ ಮನೆಯ ಹೆಂಗಸರನ್ನು ಕಣ್ಣಾರೆ ನೋಡಿ.

ಕೊಬ್ಬರಿ ವ್ಯಾಪಾರದಲ್ಲಿ ನಾಲ್ಕು ಕಾಸು ಕಂಡ ಮೇಲೆ ಶೆಟ್ಟಿಕೆರೆ ಕಡೆ ಒಂದು ತೆಂಗಿನ ತೋಟ ನೋಡಲು ಹೋಗಿದ್ದೆ. ತೋಟ ಅಣ್ಣ ತಮ್ಮ ಇಬ್ಬರದು. ತಮ್ಮ ತೀರಿಕೊಂಡು ಮೂರು ತಿಂಗಳಾಗಿತ್ತು. ಅವನ ಹೆಂಡತಿ ಸಹಿ ಹಾಕದೆ ಮಾರುವಂತಿರಲಿಲ್ಲ.

“ಅವ್ಳು ಇನ್ನೂ ಗಂಡ ಸತ್ತ ಮೂಲೆ ಬುಟ್ಟು ಎದ್ದಿಲ್ಲ ಕಣಕ್ಕ. ಇಲ್ಲಿಂದ್ಲೇ ಕೇಳಿ,” ಎಂದು ಅಣ್ಣ ಕೊಬ್ಬರಿ ಅಟ್ಟದ ಕೆಳಗಿನ ಕೋಣೆ ತೋರಿಸಿದ. ಬಾಗಿಲು ಮುಚ್ಚಿತ್ತು.

“ತೋಟ ಮಾರಾಕೆ ನಿನ್ನೊಪ್ಪಿಗೆ ಐತೇನಮ್ಮ?” ಎಂದು ಕೂಗಿದೆ.

“ನಂಗೇನೂ ಬ್ಯಾಡ. ಅನ್ನ ಬಟ್ಟೆ ಕೊಟ್ರೆ ಸಾಕು.”

ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ನೀರಿದೆಯೋ ಬತ್ತಿದೆಯೋ ಹೇಳುವವಳು ನಾನು. ಅದು ಹರೆಯದ ಹೆಣ್ಣಿನ ದನಿಯಲ್ಲ. ಅಣ್ಣ ತಡೆಯುವಷ್ಟರಲ್ಲಿ ಬಾಗಿಲು ತಳ್ಳಿದೆ.

ಕತ್ತಲಿಗೆ ಕಣ್ಣು ಹೊಂದಲು ಹೊತ್ತಾಯಿತು. ತಮ್ಮನ ಹೆಂಡತಿ ಗೋಡೆಗೊರಗಿ, ತುಟಿ ಬಿಗಿದು ಕೂತಿದ್ದಳು. ಮಾತು ಬಂದದ್ದು ಅವಳ ಪಕ್ಕದ ಮೂಲೆಯಿಂದ. ಅಲ್ಲಿ ಅವಳ ಅತ್ತೆ, ತಲೆತುಂಬ ಸೆರಗು ಹೊದ್ದು, ಗೋಡೆಗೆ ಮುಖ ಮಾಡಿ ಕೂತಿತ್ತು. ಯಾರೂ ಕೇಳದಿದ್ದರೂ ಮತ್ತೆ ಹೇಳಿತು: “ನಂಗೇನೂ ಬ್ಯಾಡ. ಅನ್ನ ಬಟ್ಟೆ ಕೊಟ್ರೆ ಸಾಕು.”

“ಅಮ್ಮಂಗೆ ಗ್ಯಾನ ಇಲ್ಲ ಬುಡಿ,” ಎಂದ ಅಣ್ಣ. “ನಮ್ಮಪ್ಪ ಸತ್ತಾಗ ದಾಯಾದಿಗಳು ಈ ಕೋಣೇಲೇ ಕೂರ್ಸಿ ಈ ಮಾತು ಹೇಳ್ಸಿದ್ರು. ಏನ್ ಕೇಳಿದ್ರೂ ಅದನ್ನೇ ಅಂತದೆ.”

“ಆ ಹಳೇ ಮಾತ್ನೇ ನಂಗೆ ಮಾರಾಕೆ ಬಂದ್ಯೇನಪ್ಪ?” ಎಂದೆ.

ಆ ಕಾಲದಲ್ಲಿ ಗಂಡ ಸತ್ತವಳಿಗೆ ಸಿಗುತ್ತಿದ್ದದ್ದು ಅಷ್ಟೇ, ಹೊಟ್ಟೆಗೆ ಮತ್ತು ಮೈಗೆ. ಪಾಲು ಎಂದು ಬಾಯಿ ತೆರೆಯುವಂತಿರಲಿಲ್ಲ. ಈಗ ಕಾನೂನು ಬೇರೆ. ಸೊಸೆಯ ಕಡೆ ತಿರುಗಿ, “ನೀನ್ ಹೇಳವ್ವ,” ಎಂದೆ.

ಅವಳ ತುಟಿ ಬಿಚ್ಚಿತು. “ನಂಗೇನೂ…”

ಅದೇ ಒಣ ದನಿ, ಅದೇ ಎಳೆತ. ಮೂಲೆಯಿಂದ ಮುದುಕಿಯೂ ಸೇರಿಕೊಂಡಿತು. ಬಾಯಿ ಎರಡು, ದನಿ ಒಂದೇ. ವಾಕ್ಯ ಮುಗಿಯಲು ಬಿಡದೆ ಹುಡುಗಿಯ ಕೈ ಹಿಡಿದು ಹೊರಗೆಳೆದೆ.

ಅಂಗಳದ ಬಿಸಿಲಿಗೆ ಅವಳು ಕಣ್ಣು ಕಿರಿದು ಮಾಡಿದಳು. ಅಣ್ಣ ಅಡ್ಡ ಬಂದ. “ನೀನ್ ಆಚೆ ನಿಂತ್ಕಳಪ್ಪ,” ಎಂದು ಗದರಿದೆ.

ಅವಳು ಕೆಮ್ಮಿ ಗಂಟಲು ಸರಿಮಾಡಿಕೊಂಡಳು. “ನನ್ ಪಾಲೂ ಸೇರ್ಸಿ ಬೆಲೆ ಕಟ್ಟಿದ್ರಾ ಅಕ್ಕ?”

“ಹೂಂ.”

“ಅದನ್ನ ತೆಗ್ದುಬುಡಿ. ನಾನ್ ಮಾರಲ್ಲ.”

ಒಳ್ಳೆಯ ತೋಟ ಕೈತಪ್ಪಿತು. ಅಣ್ಣನ ಮುಖ ನೋಡದೆ ಚಪ್ಪಲಿ ಮೆಟ್ಟಿದೆ. ಅವಳು ಮತ್ತೆ ಒಳಗೆ ಹೋಗಲಿಲ್ಲ. ನಾನು ಬಸ್ಸಿನ ದಾರಿ ಹಿಡಿಯುವವರೆಗೂ ತೋಟದ ಬೇಲಿ ಹಿಡಿದು ನಿಂತೇ ಇದ್ದಳು.