ಶಮೀಮ್ ಮೇಡಂ ಹೇಳದೆ ಬಿಟ್ಟ ಮಾತು

ಶಮೀಮ್ ಬಾನು ಸ್ಪ್ಯಾನಿಷ್ ಕಲಿತದ್ದು ಅಕಸ್ಮಾತ್ತಾಗಿ. ಮಂಡ್ಯದ ಗುತ್ತಲಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದ ಮಕ್ಸೂದ್ ಅವರ ಹಿರಿಯ ಮಗಳು ಅವಳು. ಮೈಸೂರಿನಲ್ಲಿ ಬಿ.ಎ. ಓದುವಾಗ ಸಂಜೆಯ ಫ್ರೆಂಚ್ ತರಗತಿಗೆ ಸೇರಲು ಹೋದರೆ ಸೀಟು ಮುಗಿದಿತ್ತು. ಗುಮಾಸ್ತರು ತಲೆ ಎತ್ತದೆ, "ಸ್ಪ್ಯಾನಿಷ್‌ನಲ್ಲಿ ಖಾಲಿ ಇದೆ, ಬರ್ಕೊಳ್ಲಾ?" ಅಂದರು. ಬಸ್ಸಿಗೆ ಹೊತ್ತಾಗುತ್ತಿತ್ತು. "ಬರ್ಕೊಳ್ಳಿ" ಅಂದುಬಿಟ್ಟಳು.

ಮೊದಲ ವಾರದಲ್ಲೇ ಅವಳಿಗೆ ಆ ಭಾಷೆ ನೆಂಟರ ಮನೆಯ ಹಾಗೆ ಕಂಡಿತು. ಅಂಗಿಗೆ ಅವರು ಕಮೀಸಾ ಅನ್ನುತ್ತಿದ್ದರು; ಅಬ್ಬಾ ತೊಡುತ್ತಿದ್ದದ್ದು ಕಮೀಜು. ಸಾಬೂನಿಗೆ ಹಬೋನ್, ಸಕ್ಕರೆಗೆ ಅಸೂಕಾರ್. ಯಾವುದೋ ಕಾಲದಲ್ಲಿ ಅರಬರ ಜೊತೆ ಹಡಗು ಹತ್ತಿ ಅತ್ತ ಹೋದ, ಇತ್ತ ಬಂದ ಮಾತುಗಳು ಅವು ಎಂದು ಮೇಷ್ಟ್ರು ಹೇಳಿದಾಗ, ಅದೇ ಮಾತುಗಳ ಇನ್ನೊಂದು ಕವಲು ತನ್ನ ಮನೆಯ ಉರ್ದುವಿಗೂ ಬಂದು ಸೇರಿದ್ದನ್ನು ನೆನೆದು ಅವಳಿಗೆ ಮೈ ಜುಮ್ಮೆಂದಿತು. ಹೈದರಾಬಾದಿಗೆ ಹೋಗಿ ಎಂ.ಎ. ಮುಗಿಸಿದಳು. ದೆಹಲಿಯಲ್ಲಿ ಅನುವಾದಕಿಯ ಕೆಲಸವೊಂದು ಕೈಗೆ ಬಂದಿತ್ತು. ಅಷ್ಟರಲ್ಲಿ ಅಬ್ಬಾಗೆ ಪಾರ್ಶ್ವವಾಯು ಬಡಿಯಿತು. ಶಮೀಮ್ ಮಂಡ್ಯಕ್ಕೆ ವಾಪಸಾದಳು.

ಮಂಡ್ಯದಲ್ಲಿ ಸ್ಪ್ಯಾನಿಷ್ ಯಾರಿಗೆ ಬೇಕು? ಖಾಸಗಿ ಕಾಲೇಜೊಂದು ಆಸೆಯಿಂದ ಐಚ್ಛಿಕ ವಿಷಯವಾಗಿ ಇಟ್ಟುನೋಡಿತು. ಮೊದಲ ವರ್ಷ ಹನ್ನೊಂದು ಮಂದಿ, ಮರುವರ್ಷ ನಾಲ್ವರು, ಮೂರನೆಯ ವರ್ಷ ಯಾರೂ ಇಲ್ಲ. ಅದೇ ಕಾಲೇಜಿನಲ್ಲಿ ಅವಳು ಹೊಟ್ಟೆಪಾಡಿಗೆ ಇಂಗ್ಲಿಷ್ ಪಾಠ ಮಾಡುತ್ತ ಇಪ್ಪತ್ತಾರು ವರ್ಷ ಕಳೆದಳು. ಆದರೆ ಅಬ್ಬಾನ ಗ್ಯಾರೇಜಿನ ಮೇಲಿನ ಕೋಣೆಯಲ್ಲಿ ಬೆಳಿಗ್ಗೆ ಏಳಕ್ಕೆ, ಸಂಜೆ ಆರಕ್ಕೆ ಸ್ಪ್ಯಾನಿಷ್ ತರಗತಿ ನಿಲ್ಲಲಿಲ್ಲ. ಮೂರು ವರ್ಷ ಪ್ರತಿ ಭಾನುವಾರ ಬಸ್ಸು ಹಿಡಿದು ಮಳವಳ್ಳಿಗೂ ಹೋಗಿ ಕಲಿಸಿಬಂದಳು. ಅಲ್ಲಿ ಇದ್ದದ್ದು ಇಬ್ಬರೇ ವಿದ್ಯಾರ್ಥಿಗಳು. ಮದುವೆಯ ಮಾತು ಎರಡು ಸಲ ಬಂದು, "ಆ ಭಾಷೆಯ ಗೀಳು ಬಿಡ್ತಾಳಾ?" ಎಂಬಲ್ಲಿಗೆ ನಿಂತುಹೋಯಿತು.

ಅವಳ ಬಳಿ ಬರುತ್ತಿದ್ದವರು ನರ್ಸುಗಳು, ಮದ್ದೂರಿನ ಗಾರ್ಮೆಂಟ್ಸ್ ಆಫೀಸಿನವರು, ಮುಖ್ಯವಾಗಿ ಸಕ್ಕರೆ ತಂತ್ರಜ್ಞಾನ ಓದಿದ ಹಳ್ಳಿಯ ಹುಡುಗರು. ಕಬ್ಬು ಅರೆಯುವ ಕಾರ್ಖಾನೆಗಳು ಪೆರು, ಕೊಲಂಬಿಯಾ ಕಡೆಯೂ ಬೇಕಾದಷ್ಟಿವೆ, ಭಾಷೆ ಬಂದರೆ ಕೆಲಸ ಸಿಗುತ್ತದೆ ಎಂದು ಯಾರೋ ಅವರಿಗೆ ಹೇಳಿದ್ದರು. 'ಹಳ್ಳಿ'ಯನ್ನು 'ಅಳ್ಳಿ' ಅನ್ನುತ್ತಾರೆಂದು ಶಾಲೆಯುದ್ದಕ್ಕೂ ಬೈಸಿಕೊಂಡು, ಬಾಯಿ ಬಿಡಲೇ ಹೆದರುತ್ತಿದ್ದ ಮಕ್ಕಳು ಅವರು. ಶಮೀಮ್ ಮೊದಲ ದಿನವೇ ಹಲಗೆಯ ಮೇಲೆ ಒಂದು ಪದ ಬರೆದು, "ಇಲ್ಲಿ 'ಹ' ಬರೀತಾರೆ, ಆದ್ರೆ ಯಾರೂ ಹೇಳೋದಿಲ್ಲ. ನಿಮ್ಮ ನಾಲಿಗೆ ಸರಿಯಾಗೇ ಇದೆ, ಧೈರ್ಯವಾಗಿ ಓದಿ" ಅನ್ನುತ್ತಿದ್ದಳು. ಆಸ್ಪತ್ರೆಗೆ ಓಸ್ಪಿತಾಲ್. ಹುಡುಗರು ನಗುತ್ತ ಓದುತ್ತಿದ್ದರು.

ಒಂದು ವಿಷಯದಲ್ಲಿ ಮಾತ್ರ ಅವಳು ಬಲು ಕಟ್ಟುನಿಟ್ಟು. ಅನುವಾದ ಮಾಡುವಾಗ ಯಾರಾದರೂ ಕಷ್ಟದ ಪದ ಹಾರಿಸಿದರೆ ಪುಸ್ತಕ ಮುಚ್ಚಿಬಿಡುತ್ತಿದ್ದಳು. "ಅವರು ಹೇಳಿದ್ದನ್ನು ನೀನು ನುಂಗಬೇಡ. ಅದು ನಿನ್ನ ಮಾತಲ್ಲ, ಅವರದು."

ಚಿಕ್ಕರಸಿನಕೆರೆಯ ಚೌಡಯ್ಯ, ಸೋಮಮ್ಮ ದಂಪತಿಯ ಮಗ ಸಿದ್ದೇಶ್ ಹೀಗೆ ಬಂದವನು. ಒಂದೂವರೆ ವರ್ಷ ಒಂದು ದಿನವೂ ತಪ್ಪಿಸದೆ ಬಸ್ಸಿನಲ್ಲಿ ಓಡಾಡಿ ಕಲಿತ. ಪೆರು ದೇಶದ ಉತ್ತರ ಕರಾವಳಿಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಹೊರಡುವ ಮುನ್ನ, "ಅಲ್ಲಿ ಏನಾದ್ರೂ ಆದ್ರೆ ನಮ್ಮನೇಲಿ ಯಾರಿಗೂ ಆ ಭಾಷೆ ತಿಳಿಯಲ್ಲ ಮೇಡಂ, ಅಲ್ಲಿನವ್ರಿಗೆ ನಿಮ್ ನಂಬರ್ ಕೊಟ್ಟಿರ್ತೀನಿ" ಅಂದಿದ್ದ. ಶಮೀಮ್ ಆಗಲಿ ಅಂದಿದ್ದಳು.

ಎರಡು ವರ್ಷದ ಹಿಂದೆ, ಮೇ ತಿಂಗಳ ಒಂದು ಬೆಳಿಗ್ಗೆ ಆರೂವರೆಗೆ ಆ ಫೋನ್ ಬಂತು. ಮಾತಾಡಿದವಳು ಸಿದ್ದೇಶ್ ಬಾಡಿಗೆಗಿದ್ದ ಮನೆಯ ಒಡತಿ, ರೊಸೌರಾ ಎಂಬ ವಯಸ್ಸಾದ ಹೆಂಗಸು. ಹುಡುಗನಿಗೆ ಡೆಂಗೆ ಜ್ವರ, ಆಸ್ಪತ್ರೆಗೆ ಸೇರಿಸಿದ್ದೇವೆ ಎಂದಳು. ಶಮೀಮ್ ಚೌಡಯ್ಯನಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದಹಾಗೆ ತಿಳಿಸಿದಳು. ಆತ ದನಿ ತಗ್ಗಿಸಿ ಹೇಳಿದ:

"ನಮ್ಮವಳ ಎದೆ ಗಟ್ಟಿಯಿಲ್ಲ ಕಣಮ್ಮ. ಓದ್ ವರ್ಸ ತಾನೆ ಆಪರೇಸನ್ ಆಗಿರೋದು. ಅವಳ್ ಕೇಳುದ್ರೆ ಎದ್ರುಸ್ಬ್ಯಾಡ, ನೋಡ್ಕಂಡು ಏಳು."

ಮರುದಿನ ಅದೇ ಹೊತ್ತಿಗೆ ಅಲ್ಲಿನ ಡಾಕ್ಟರೇ ಮಾತಾಡಿದರು. "ಎಸ್ತಾ ಗ್ರಾವೆ," ಅಂದರು. ಪರಿಸ್ಥಿತಿ ಗಂಭೀರವಾಗಿದೆ. "ಈಗ ಎಚ್ಚರವಿದ್ದಾನೆ, ಮಾತಾಡುತ್ತಾನೆ. ನಾಳೆಯದು ಹೇಳಲಾಗದು. ತಾಯಿ ಮಾತಾಡುವುದಿದ್ದರೆ ಇವತ್ತೇ ಮಾತಾಡಲಿ."

ಶಮೀಮ್ ಚಿಕ್ಕರಸಿನಕೆರೆಗೆ ಫೋನ್ ಹಚ್ಚಿದಳು. ಎತ್ತಿದವಳು ಸೋಮಮ್ಮನೇ.

"ಎಂಗವ್ನೆ ನನ್ ಮಗ? ಡಾಕ್ಟ್ರು ಏನಂದ್ರು?"

ವಾಕ್ಯ ಬಾಯಿಯ ತನಕ ಬಂದಿತ್ತು. ಆ ಹೆಂಗಸಿನ ಉಸಿರು ಫೋನಿನಲ್ಲಿ ಏರಿಳಿಯುವುದು ಕೇಳುತ್ತಿತ್ತು. ಶಮೀಮ್ ಅಂದಳು: "ಜ್ವರ ಸ್ವಲ್ಪ ಜಾಸ್ತಿ ಇದೆಯಂತೆ. ನೋಡ್ಕೊಳ್ತಿದ್ದಾರೆ. ಇವತ್ತು ರೆಸ್ಟ್ ತಗೊಳ್ಳಲಿ, ನಾಳೆ ಮಾತಾಡುವಿರಂತೆ."

ಆ ನಾಳೆ ಸಿದ್ದೇಶನಿಗೆ ಎಚ್ಚರವಿರಲಿಲ್ಲ. ನಾಲ್ಕನೆಯ ದಿನ ತೀರಿಕೊಂಡ. ಅವನಿಗೆ ಇಪ್ಪತ್ತೇಳು ವರ್ಷ.

ಸುದ್ದಿಯನ್ನು ಫೋನಿನಲ್ಲಿ ಹೇಳಲು ಮನಸ್ಸು ಬಾರದೆ ಶಮೀಮ್ ಮದ್ದೂರಿನ ಬಸ್ಸು ಹತ್ತಿ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಅವರ ಮನೆಗೆ ಹೋದಳು. ಅವಳು ಬಾಗಿಲಲ್ಲಿ ಕಂಡದ್ದೇ ತಡ, ಸೋಮಮ್ಮನಿಗೆ ಎಲ್ಲ ಅರ್ಥವಾಗಿಹೋಯಿತು. ಆಮೇಲಿನ ಕಾಗದಪತ್ರಗಳನ್ನೆಲ್ಲ ಶಮೀಮೇ ನೋಡಿಕೊಂಡಳು. ದೇಹ ತರುವುದಕ್ಕೆ ಎಷ್ಟು ವಾರ ಹಿಡಿಯುತ್ತದೋ ಯಾರಿಗೂ ಗೊತ್ತಿರಲಿಲ್ಲ. ಚೌಡಯ್ಯ ಅಲ್ಲೇ ದಹನ ಮಾಡಲಿ ಎಂದ. ಒಂದೂವರೆ ತಿಂಗಳಿಗೆ ಬೂದಿ ಬಂತು. ಮುತ್ತತ್ತಿಯಲ್ಲಿ ಕಾವೇರಿಗೆ ಬಿಟ್ಟರು. ಶಮೀಮ್ ದಡದ ಕಲ್ಲಿನ ಮೇಲೆ ದೂರದಲ್ಲಿ ನಿಂತಿದ್ದಳು.

ಡಾಕ್ಟರ ಆ ಮಾತನ್ನು ಮುಚ್ಚಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ತರಗತಿಯಲ್ಲಿ ಪುಸ್ತಕ ತೆರೆದರೆ ಅಕ್ಷರ ಮುಂದೆ ಸಾಗುತ್ತಿರಲಿಲ್ಲ. ಒಂದು ವಾರ ನೋಡಿ ಕೋಣೆಗೆ ಬೀಗ ಹಾಕಿದಳು. ಆ ಭಾನುವಾರ ಮತ್ತೆ ಚಿಕ್ಕರಸಿನಕೆರೆಗೆ ಹೋಗಿ, ಗಂಡ ಹೆಂಡತಿ ಇಬ್ಬರ ಮುಂದೆ ಕೂತು ಹೇಳಿದಳು.

"ಎರಡನೇ ದಿನ ಡಾಕ್ಟರು, ತಾಯಿ ಮಾತಾಡೋದಿದ್ರೆ ಇವತ್ತೇ ಮಾತಾಡಲಿ ಅಂದಿದ್ರು. ನಾನು ನಿಮಗೆ ಅದನ್ನ ಹೇಳಲಿಲ್ಲ."

ಸೋಮಮ್ಮ ಅವಳನ್ನೇ ನೋಡಿದಳು. "ಅವತ್ತು ಮಾತಾಡ್ತಿದ್ನಾ ಅವ್ನು?"

"ಮಾತಾಡ್ತಿದ್ದ."

ಚೌಡಯ್ಯ ಕೂತಲ್ಲೇ ತಲೆ ತಗ್ಗಿಸಿದ. "ನಾನೇ ಅಂದಿದ್ದು ಕಣೆ. ನಿನ್ನ ಎದ್ರುಸ್ಬ್ಯಾಡ ಅಂತ ಆವಮ್ಮುಂಗೆ ನಾನೇ ಏಳಿದ್ದು."

"ಇಬ್ರೂ ಸೇರ್ಕಂಡು ನನ್ ಮಗನ ಮಾತ ನನ್ನಿಂದ ಕಿತ್ಕಂಡ್ರಲ್ಲ," ಅಂದಳು ಸೋಮಮ್ಮ. ಕೂಗಲಿಲ್ಲ. "ನನ್ ಎದೆ ಒಡ್ದೋಯ್ತದೆ ಅಂದ್ಕಂಡ್ರಾ? ಒಡ್ದೋಗಿದ್ರೆ ಓಗ್ತಿತ್ತು. ಮಾತಾಡ್ಬುಟ್ಟು ಓಯ್ತಿದ್ದೆ." ಎದ್ದು ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ. ಶಮೀಮ್ ಎದ್ದು ಬಂದಳು. ಕ್ಷಮಿಸಿ ಎನ್ನುವ ಮಾತನ್ನೂ ಅವಳಿಗೆ ಆಡಲಾಗಲಿಲ್ಲ.

ಮೂರು ತಿಂಗಳು ಕೋಣೆಯ ಬೀಗ ತೆಗೆಯಲಿಲ್ಲ. ಹುಡುಗರು ಬಂದು ಗ್ಯಾರೇಜಿನ ಬಾಗಿಲಲ್ಲಿ ನಿಂತು ಕೇಳಿ ಹೋಗುತ್ತಿದ್ದರು. ಆ ಭಾಷೆಯನ್ನು ಕಲಿಸಿದ್ದು ನಾನು, ಅಷ್ಟು ದೂರ ಕಳಿಸಿದ್ದು ನಾನು, ತಾಯಿಗೂ ಮಗನಿಗೂ ನಡುವೆ ಅಡ್ಡ ನಿಂತದ್ದೂ ನಾನೇ ಎಂದು ಅವಳಿಗೆ ಅನ್ನಿಸುತ್ತಿತ್ತು. ಪುಸ್ತಕಗಳನ್ನು ಮೈಸೂರಿನ ಯಾವುದಾದರೂ ಗ್ರಂಥಾಲಯಕ್ಕೆ ಕೊಟ್ಟುಬಿಡಲು ಹಗ್ಗ ಹಾಕಿ ಕಟ್ಟಿಯೂ ಇಟ್ಟಿದ್ದಳು.

ಅಕ್ಟೋಬರಿನ ಒಂದು ಮಧ್ಯಾಹ್ನ ಸೋಮಮ್ಮ ಮಗಳು ಶಾಲಿನಿಯನ್ನು ಕರೆದುಕೊಂಡು ಗುತ್ತಲಿಗೆ ಬಂದಳು. ಕುಡಿಯಲು ಕೊಟ್ಟ ನೀರು ಮುಟ್ಟಲಿಲ್ಲ. ಶಾಲಿನಿಯ ಫೋನನ್ನು ಮೇಜಿನ ಮೇಲಿಟ್ಟಳು. ಸಿದ್ದೇಶನ ಫೋನಿನಲ್ಲಿ ನಂಬರ್ ಹುಡುಕಿ ರೊಸೌರಾ ದನಿ ಮುದ್ರಿಸಿ ಕಳಿಸಿದ ಒಂಬತ್ತು ಸಂದೇಶಗಳು ಅದರಲ್ಲಿದ್ದವು. ಐದು ತಿಂಗಳಿಂದ ಅರ್ಥ ತಿಳಿಯದೆಯೇ ಸೋಮಮ್ಮ ಅವನ್ನು ದಿನಾ ಕೇಳುತ್ತಿದ್ದಳಂತೆ.

"ಇದ್ನೆಲ್ಲಾ ಏಳು," ಅಂದಳು. "ಒಂದೂ ಬುಡ್ಬ್ಯಾಡ. ನಾನ್ ಸತ್ರೂ ಬುಡ್ಬ್ಯಾಡ."

ಶಮೀಮ್ ಒಂದೊಂದಾಗಿ ಹಾಕಿ, ನಿಲ್ಲಿಸಿ, ಹೇಳತೊಡಗಿದಳು. ಹುಡುಗನಿಗೆ ಮೀನು ಸೇರುತ್ತಿರಲಿಲ್ಲ. ಭಾನುವಾರ ತಾನೇ ಸಾರು ಮಾಡಲು ಹೋಗಿ ರೊಸೌರಾಳ ಪಾತ್ರೆ ಸೀಯಿಸಿದ್ದ. ಅವಳ ಮೊಮ್ಮಗಳಿಗೆ ಲೆಕ್ಕ ಹೇಳಿಕೊಡುತ್ತಿದ್ದ. ಏಳನೆಯ ಸಂದೇಶದಲ್ಲಿ ಆಸ್ಪತ್ರೆ ಬಂತು. ರೊಸೌರಾ ಹೇಳುತ್ತಿದ್ದಳು: ಎಚ್ಚರ ತಪ್ಪುವ ಮೊದಲು ಅವನು ಮತ್ತೆ ಮತ್ತೆ ನೀರು ಕೇಳುತ್ತಿದ್ದ. ಅಗ್ವಾ, ಅಗ್ವಾ ಅನ್ನುತ್ತಿದ್ದ. ನಾನು ಹತ್ತಿ ನೆನೆಸಿ ತುಟಿಗೆ ಒತ್ತುತ್ತಿದ್ದೆ. ಆದರೂ ಕೇಳುತ್ತಲೇ ಇದ್ದ.

ಶಮೀಮಳ ಬೆರಳು ಫೋನಿನ ಮೇಲೇ ನಿಂತಿತು.

"ಯಾಕ್ ನಿಲ್ಲುಸ್ದೆ? ಏಳು."

"ನೀರು ಕೇಳ್ತಿದ್ದ ಅಂತಾರೆ," ಅಂದಳು. ಮಾತು ಅಲ್ಲಿಗೇ ಮುಗಿಸಬಹುದಿತ್ತು. ರೊಸೌರಾ ಹೇಳಿದ್ದೂ ಅಷ್ಟೇ. "ಅವರ ಭಾಷೇಲಿ ನೀರಿಗೆ ಅಗ್ವಾ. ಅವರಿಗೆ ಹಾಗೆ ಕೇಳಿಸಿದೆ. ಅವನು ನೀರು ಕೇಳಿದ್ನೋ, ಅವ್ವ ಅಂದ್ನೋ, ನನಗೆ ಗೊತ್ತಿಲ್ಲ ಸೋಮಮ್ಮ. ನಿಜವಾಗ್ಲೂ ಗೊತ್ತಿಲ್ಲ."

ಶಾಲಿನಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಕೆಳಗೆ ಗ್ಯಾರೇಜಿನಲ್ಲಿ ಯಾವುದೋ ಇಂಜಿನ್ನು ಶುರುವಾಗಿ ನಿಂತಿತು.

"ಅವ್ವ ಅಂದವ್ನೆ," ಅಂದಳು ಸೋಮಮ್ಮ. "ನಂಗೊತ್ತು. ನನ್ ಕೂಗ್ದಾಗೆಲ್ಲ ಆ ತಾಯಿ ನೀರ್ ಕೊಟ್ಟವ್ಳೆ. ಒಳ್ಳೇದಾಗ್ಲಿ ಬುಡು ಅವಳ್ಗೆ." ಆಮೇಲೆ ಆ ದಿನ ಮೊದಲ ಸಲ ಶಮೀಮಳ ಮುಖವನ್ನು ನೇರವಾಗಿ ನೋಡಿ, "ಉಳ್ದಿರೋವೂ ಆಕು" ಅಂದಳು.

ಒಂಬತ್ತೂ ಮುಗಿದ ಮೇಲೆ ರೊಸೌರಾಳ ಜೊತೆ ಮಾತಾಡಬೇಕೆಂದಳು. ಅಲ್ಲಿ ಆಗಿನ್ನೂ ಬೆಳಕು ಹರಿದಿರಲಿಲ್ಲ; ಅಲ್ಲಿನ ಸಂಜೆಗೆ ಇಲ್ಲಿನ ಮರುಬೆಳಗಿನ ತನಕ ಕಾಯಬೇಕಿತ್ತು. ತಾಯಿ ಮಗಳು ಮಂಡ್ಯದ ನೆಂಟರ ಮನೆಯಲ್ಲಿ ಉಳಿದು ಬೆಳಿಗ್ಗೆ ಆರಕ್ಕೇ ಬಂದರು. ಶಮೀಮ್ ಫೋನನ್ನು ನಡುವೆ ಇಟ್ಟು, ಸೋಮಮ್ಮನ ಮಾತನ್ನು ಅತ್ತ, ರೊಸೌರಾಳ ಮಾತನ್ನು ಇತ್ತ ದಾಟಿಸುತ್ತ ಕೂತಳು. ಮೊದಲು ಇಬ್ಬರೂ ಅತ್ತರು. ಆಮೇಲೆ ಸೋಮಮ್ಮ ಅವಳ ಮೊಮ್ಮಗಳು ಹೇಗಿದ್ದಾಳೆ ಅಂದಳು. ರೊಸೌರಾ ನಿಮ್ಮ ಎದೆನೋವು ಹೇಗಿದೆ ಅಂದಳು. ತನ್ನ ಮಂಡಿನೋವನ್ನೂ ಹೇಳಿಕೊಂಡಳು. ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಲಿ ಅಂದಳು ಸೋಮಮ್ಮ. ಎಳ್ಳಿಗೆ ಸ್ಪ್ಯಾನಿಷ್‌ನಲ್ಲಿ ಏನನ್ನುತ್ತಾರೆಂದು ಶಮೀಮಳಿಗೆ ಚಟ್ಟನೆ ಹೊಳೆಯಲಿಲ್ಲ. ಒಂದು ನಿಮಿಷ ಇರಿ ಎಂದು ಕಟ್ಟಿಟ್ಟ ಪುಸ್ತಕಗಳ ಹಗ್ಗ ಬಿಚ್ಚಿ ನಿಘಂಟು ತೆಗೆದಳು.

ಮುಂದಿನ ತಿಂಗಳು ಆರು ಜನರಿಂದ ತರಗತಿ ಮತ್ತೆ ಶುರುವಾಯಿತು. ಕಾಯಿಲೆ, ಆಸ್ಪತ್ರೆಯ ಮಾತುಗಳ ಪಾಠ ಮೊದಲೆಲ್ಲ ಪುಸ್ತಕದ ಕೊನೆಗೆ ಬರುತ್ತಿತ್ತು. ಈಗ ಎರಡನೆಯ ವಾರಕ್ಕೇ ಬರುತ್ತದೆ. ಚೌಡಯ್ಯ ಮದ್ದೂರು ಬಸ್ ನಿಲ್ದಾಣದಲ್ಲಿ ಎದುರಾದರೆ ಇವತ್ತಿಗೂ ಮುಖ ತಿರುಗಿಸಿಕೊಂಡು ಹೋಗುತ್ತಾನೆ. ಸೋಮಮ್ಮ ಮಾತ್ರ ಎರಡು ಮೂರು ತಿಂಗಳಿಗೊಮ್ಮೆ ಬೆಳಿಗ್ಗೆ ಬರುತ್ತಾಳೆ, ಪೆರುವಿಗೆ ಮಾತಾಡಿಕೊಂಡು ಹೋಗುತ್ತಾಳೆ. ಕಳೆದ ಸಲ ಬಂದಾಗ ಶಮೀಮ್ ಕೊಟ್ಟ ಚಹಾ ಕುಡಿದಳು.