ಅನೆ ಎಂದರೆ ಅಕ್ಕ

ಅವನು ಹಲ್ಲು ಮಾಡುವವನು. ಹಲ್ಲಿನ ಡಾಕ್ಟರಲ್ಲ. ಡಾಕ್ಟರುಗಳು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಅದಕ್ಕೆ ಹೊಂದುವ ಹಲ್ಲಿನ ಸೆಟ್ಟು ಮಾಡಿಕೊಡುವ ಲ್ಯಾಬಿನಲ್ಲಿ ಕೆಲಸ. ಈ ಪರದೇಶಕ್ಕೆ ಬಂದಾಗ ಮೀಸೆ ಕಪ್ಪಗಿತ್ತು. ಈಗ ಬೋಳಿಸಿಬಿಡುವುದೇ ಮರ್ಯಾದೆ ಅನ್ನಿಸುವಷ್ಟು ನರೆತಿತ್ತು. ಮದುವೆಯನ್ನು ಮುಂದಿನ ವರ್ಷ, ಅದರ ಮುಂದಿನ ವರ್ಷ ಎಂದು ತಳ್ಳುತ್ತಾ ಬಂದು, ಕಡೆಗೆ ಕೇಳುವವರೇ ಕೇಳಿ ಸಾಕಾಗಿ ಸುಮ್ಮನಾಗಿದ್ದರು.

ಲ್ಯಾಬು ಇದ್ದದ್ದು ಒಂದು ಹಳೆಯ ಕಟ್ಟಡದ ನೆಲಮಾಳಿಗೆಯಲ್ಲಿ. ಉದ್ದನೆಯ ಮೇಜು, ಒಬ್ಬೊಬ್ಬರಿಗೂ ಒಂದು ದೀಪ, ಒಂದು ಉಜ್ಜುವ ಯಂತ್ರ. ಆ ಯಂತ್ರದ ಕಿರುಚಾಟ ತಡೆಯಲಾರದೆ ಎಲ್ಲರೂ ಕಿವಿಗೆ ಏನಾದರೂ ಸಿಕ್ಕಿಸಿಕೊಂಡು, ದೂಳಿಗೆ ಮೂಗು ಬಾಯಿ ಮುಚ್ಚಿಕೊಂಡು ಕೂರುತ್ತಿದ್ದರು. ಬೆಳಿಗ್ಗೆ ಒಂದು ನಮಸ್ಕಾರ, ಸಂಜೆ ಒಂದು ನಮಸ್ಕಾರ, ನಡುವೆ ಮಾತಿಲ್ಲ ಕತೆಯಿಲ್ಲ. ಅವನು ಪಿಂಗಾಣಿ ಪುಡಿಯನ್ನು ಕಲಸಿ, ಸಣ್ಣ ಕುಂಚದಲ್ಲಿ ಪದರದ ಮೇಲೆ ಪದರ ಹಚ್ಚಿ, ಪುಟ್ಟ ಕುಲುಮೆಯಲ್ಲಿ ಸುಡುತ್ತಿದ್ದ. ಕಾಫಿ ಕುಡಿದು ಕಂದಿದ ಹಲ್ಲಿನ ಪಕ್ಕ ಕೂರುವ ಹಲ್ಲು ಫಳಫಳ ಬೆಳ್ಳಗಿದ್ದರೆ ಆಗುತ್ತದೆಯೇ? ಅದಕ್ಕೂ ಚೂರು ಹಳದಿ ಬೆರೆಸಬೇಕು. ಹೀಗೆ ಆ ಊರಿನ ಎಷ್ಟೋ ಜನರ ಬಾಯಿ ಅವನಿಗೆ ಗೊತ್ತು. ಮುಖ ಒಂದೂ ಗೊತ್ತಿಲ್ಲ.

ಅವನ ಸ್ವಂತ ಬಾಯಿ ತೆರೆಯುತ್ತಿದ್ದದ್ದು ಭಾನುವಾರ, ಅಕ್ಕನ ಫೋನು ಬಂದಾಗ. ತಾಯಿ ಹೋದ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕ. ಅವಳಿಗೆ ಮಕ್ಕಳಾಗಲಿಲ್ಲ. ಹಾಗಾಗಿ ಐವತ್ತರ ಹತ್ತಿರ ಬಂದ ತಮ್ಮ ಅವಳ ಪಾಲಿಗೆ ಇನ್ನೂ ಪುಟ್ಟನೇ.

"ವಾರವೆಲ್ಲ ಯಾರ ಜೊತೆ ಮಾತಾಡಿದ್ಯೋ ಪುಟ್ಟ?"

"ಮಾತಾಡ್ತೀನಕ್ಕ. ಅಂಗಡೀಲಿ, ಬಸ್ಸಲ್ಲಿ..."

"ಚಿಲ್ಲರೆ ಕೊಡಿ ಅನ್ನೋದು ಮಾತಲ್ಲ ಕಣೋ. ನಾಲ್ಕು ಜನರ ಮಧ್ಯೆ ಹೋಗಿ ಕೂತ್ಕೋ. ಏನಾದ್ರೂ ಕಲಿ. ಹಾಡಾದ್ರೂ ಸರಿ, ಹೊಲಿಗೆಯಾದ್ರೂ ಸರಿ."

ಅವಳ ಕಾಟ ತಾಳಲಾರದೆ ಅವನು, ದೊಡ್ಡವರಿಗೆಂದು ಸಂಜೆ ತರಗತಿ ನಡೆಸುವ ಒಂದು ಶಾಲೆಗೆ ಹೋದ. ಹಾಡಿನ ತರಗತಿ ಭರ್ತಿಯಾಗಿತ್ತು. ಹೊಲಿಗೆ ತರಗತಿಯ ಹೊತ್ತಿಗೆ ಅವನಿಗೆ ಲ್ಯಾಬಿನ ಕೆಲಸ. ಕಿಟಕಿಯ ಹಿಂದೆ ಕೂತಿದ್ದವಳು "ಜಪಾನೀ ಭಾಷೇಲಿ ಜಾಗ ಇದೆ" ಎಂದಳು. ಬೇಡ ಅನ್ನಲು ಅವನು ನಯವಾದ ಮಾತು ಹುಡುಕುವಷ್ಟರಲ್ಲಿ ಅವಳು ಹೆಸರು ಬರೆದುಕೊಂಡಾಗಿತ್ತು.

ಸುದ್ದಿ ಕೇಳಿ ಅಕ್ಕ ಬಿದ್ದು ಬಿದ್ದು ನಕ್ಕಳು. "ಇರೋ ಭಾಷೇಲೇ ಮಾತಾಡೋಕೆ ಜನ ಇಲ್ಲ, ಅದರ ಮೇಲೆ ಇದೊಂದು ಬೇರೆ ಕೇಡು ನಿನಗೆ!"

ತರಗತಿ ನಡೆಯುತ್ತಿದ್ದದ್ದು ಹಗಲು ಹೊತ್ತು ಚಿಕ್ಕ ಮಕ್ಕಳು ಕೂರುವ ಕೋಣೆಯಲ್ಲಿ. ಕುರ್ಚಿಗಳು ಗಿಡ್ಡ, ಕೂತರೆ ಮೊಣಕಾಲು ಎದೆಗೆ ಬರುತ್ತಿತ್ತು. ಟೀಚರು ಬಿಳಿಗೂದಲಿನ ಜಪಾನೀ ಹೆಂಗಸು, ಈ ದೇಶದವನನ್ನು ಮದುವೆಯಾಗಿ ಇಲ್ಲೇ ನೆಲೆ ನಿಂತವರು. ಕಲಿಯುವವರಲ್ಲಿ ಪ್ರವಾಸದ ಕನಸಿನ ಗಂಡ ಹೆಂಡತಿ, ಪಿಸುಪಿಸು ನಗುವ ಇಬ್ಬರು ಕಾಲೇಜು ಹುಡುಗಿಯರು, ಮತ್ತು ಒಬ್ಬ ಬಸ್ ಡ್ರೈವರಮ್ಮ. ಡ್ರೈವರಮ್ಮ ಗಟ್ಟಿ ಕೈಯಿನ, ಜೋರು ದನಿಯ ಹೆಂಗಸು. "ದಿನಾ ಅದೇ ರಸ್ತೆ, ಅದೇ ತಿರುವು. ತಲೆ ತುಕ್ಕು ಹಿಡೀತಾ ಇದೆ, ಅದಕ್ಕೇ ಬಂದೆ" ಎಂದು ಮೊದಲ ದಿನವೇ ಹೇಳಿ ಅವನ ಪಕ್ಕದ ಕುರ್ಚಿಯಲ್ಲಿ ಕೂತಳು. ಇಬ್ಬಿಬ್ಬರು ಸೇರಿ ಮಾತಾಡುವ ಅಭ್ಯಾಸಕ್ಕೆ ಅವಳೇ ಅವನ ಜೋಡಿಯಾದಳು.

ಎರಡನೆಯ ವಾರವೋ ಏನೋ, ಟೀಚರು ಬೋರ್ಡಿನ ಮೇಲೆ 'ನಾನು ಮನೆಗೆ ಹೋಗುತ್ತೇನೆ' ಅನ್ನುವುದನ್ನು ಅವರ ಭಾಷೆಯಲ್ಲಿ ಬರೆದರು. ಮೊದಲು ನಾನು, ಆಮೇಲೆ ಮನೆ, ಅದರ ಬಾಲಕ್ಕೆ ನಮ್ಮ 'ಗೆ' ಥರದ್ದೊಂದು, ಕಟ್ಟಕಡೆಗೆ ಹೋಗುವುದು. ಪ್ರಶ್ನೆ ಕೇಳಬೇಕಾದರೆ ಕೊನೆಯಲ್ಲಿ ಒಂದು 'ಕಾ'. ಉಳಿದವರು ತಲೆ ಕೆರೆದುಕೊಂಡರು. ಆ ಊರಿನ ಭಾಷೆಯಲ್ಲಿ ಹೋಗುವುದು ಮೊದಲು, ಮನೆ ಆಮೇಲೆ. ಅವನಿಗೆ ಮಾತ್ರ, ಎಷ್ಟೋ ವರ್ಷ ಎಡಗೈಯಲ್ಲಿ ಉಂಡವನಿಗೆ ಯಾರೋ ಬಲಗೈ ಬಿಚ್ಚಿಕೊಟ್ಟ ಹಾಗಾಯಿತು. ಪದಗಳು ಪರಕೀಯವಾದರೂ ಅವು ಕೂರುವ ಸಾಲು ಅವನ ಮನೆಯ ಪಂಕ್ತಿಯೇ.

ಭಾನುವಾರ ಇದನ್ನೆಲ್ಲ ಅಕ್ಕನಿಗೆ ಒಪ್ಪಿಸಿದ. "ಇಲ್ಲಿಯವರಿಗೆ ಅಕ್ಕನಿಗೂ ತಂಗಿಗೂ ಸೇರಿ ಒಂದೇ ಪದ. ಜಪಾನಿನವರಿಗೆ ನಮ್ಮ ಥರಾನೇ ಬೇರೆ ಬೇರೆ. ಅಕ್ಕ ಅನ್ನೋದಕ್ಕೆ ಅನೆ ಅಂತಾರೆ."

"ಏನಂದೆ? ಆನೆನಾ?"

"ಅನೆ ಅಕ್ಕ, ಅನೆ. ದೀರ್ಘ ಇಲ್ಲ."

"ದೀರ್ಘ ಇಲ್ದಿದ್ರೂ ತೂಕ ಸರಿಯಾಗೇ ಹೇಳಿದ್ದಾರೆ ಬಿಡು. ಆ ದೇಶದವರು ನನ್ನನ್ನ ಯಾವಾಗ ನೋಡಿದ್ರೋ!" ಪಕ್ಕದಲ್ಲಿದ್ದ ಭಾವನಿಗೂ ಕೂಗಿ ಹೇಳಿದಳು. ಭಾವ ನಕ್ಕ ಸದ್ದು ಕೇಳಿಸಲಿಲ್ಲ. ಅವರು ನಗುವುದೇ ಅಪರೂಪ.

ಅದಾದ ಕೆಲವು ವಾರಕ್ಕೆ, ಭಾನುವಾರವಲ್ಲದ ಒಂದು ದಿನ, ಲ್ಯಾಬಿನಲ್ಲಿ ಅವನ ಫೋನು ಬಡಿದುಕೊಂಡಿತು. ಭಾವ. "ಅವಳು ಹೋಗ್ಬಿಟ್ಲು ಕಣೋ. ಪಾತ್ರೆ ತೊಳೀತಾ ಇದ್ಲು" ಎಂದರು, ಅಷ್ಟೇ. ಅವನು ಸಿಕ್ಕ ವಿಮಾನ ಹತ್ತಿ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಭಾವನ ಎದುರು ಕೆಲವು ದಿನ ಕೂತಿದ್ದು, ಇಬ್ಬರೂ ಸರಿಯಾಗಿ ಮಾತಾಡದೆ, ಹಿಂದಿರುಗಿ ಬಂದ. ಲ್ಯಾಬಿನ ಯಜಮಾನ ಹೆಗಲು ತಟ್ಟಿದ. ಮೇಜಿನ ಮೇಲೆ ಅಚ್ಚುಗಳ ರಾಶಿ ಕಾದಿತ್ತು.

ಮೊದಲ ಭಾನುವಾರ ಅವನು ಫೋನನ್ನು ಮಡಿಚಿದ ಬಟ್ಟೆಗಳ ಅಡಿಯಲ್ಲಿ ಇಟ್ಟ. ಆದರೂ ಕೋಣೆಯಲ್ಲಿ ಅದರ ಕಡೆಗೆ ಬೆನ್ನು ಮಾಡಿ ಕೂರುವುದು ಆಗಲಿಲ್ಲ. ಫ್ರಿಜ್ಜು ಗುರ್ ಎಂದು ಶುರುವಾಗುವುದು, ನಿಲ್ಲುವುದು, ಮೇಲಿನ ಮನೆಯವರು ಕುರ್ಚಿ ಎಳೆಯುವುದು. ಅಷ್ಟೇ ಆ ದಿನದ ಸದ್ದು. ಒಂದು ದಿನ ಕುಲುಮೆಯ ಬಾಗಿಲು ತಾಗಿ ಕೈ ಸುಟ್ಟಾಗ "ಅಯ್ಯೋ" ಎಂದ. ಆಮೇಲೆ ಹೊಳೆಯಿತು, ಆ ವಾರ ಅವನ ಬಾಯಿಂದ ಬಂದ ಕನ್ನಡ ಅದೊಂದೇ.

ತರಗತಿಗೆ ಹೋಗುವುದನ್ನು ಬಿಡಲಿಲ್ಲ. ಬಿಟ್ಟು ಎಲ್ಲಿಗೆ ಹೋಗುವುದು? ಅವನಿಲ್ಲದಾಗ ಕುಟುಂಬದ ಪಾಠ ಶುರುವಾಗಿತ್ತು. ಡ್ರೈವರಮ್ಮ ಪುಸ್ತಕದ ಮೇಲೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಕೇಳಿದಳು: ನಿಮಗೆ ಅಕ್ಕ ಇದ್ದಾರಾ?

ಟೀಚರದ್ದು ಒಂದು ಪಟ್ಟು ಇತ್ತು. ವರ್ತಮಾನ ಬಾಯಿಗೆ ಸಲೀಸಾಗುವ ತನಕ ಭೂತಕಾಲದ ಗಂಟು ಬಿಚ್ಚುತ್ತಿರಲಿಲ್ಲ. ಹಾಗಾಗಿ 'ಇಮಸು', ಅಂದರೆ ಇದ್ದಾಳೆ, ಅನ್ನುವುದು ಅವನಿಗೆ ಗೊತ್ತಿತ್ತು. ಇದ್ದಳು ಅನ್ನುವುದು ಗೊತ್ತಿರಲಿಲ್ಲ.

"ಅನೆ ಗಾ ಇಮಸು" ಎಂದ. ಅಕ್ಕ ಇದ್ದಾಳೆ.

ಡ್ರೈವರಮ್ಮ ಮುಂದಿನ ಪ್ರಶ್ನೆಗೆ ಬೆರಳು ಸರಿಸಿದಳು. ಅಕ್ಕ ಬೆಳಿಗ್ಗೆ ಏನು ಕುಡಿಯುತ್ತಾರೆ? ಕಾಫಿ ಕುಡಿಯುತ್ತಾಳೆ. ಎಷ್ಟು ಹೊತ್ತಿಗೆ ಏಳುತ್ತಾರೆ? ಬೇಗ ಏಳುತ್ತಾಳೆ. ಅಕ್ಕ ಜೋರಾಗಿ ನಗುತ್ತಾಳೆ. ಅಕ್ಕ ಪ್ರತಿ ಭಾನುವಾರ ಫೋನ್ ಮಾಡುತ್ತಾಳೆ. ವಾರ ವಾರವೂ ಡ್ರೈವರಮ್ಮ ಕೇಳುವಳು, ಅವನು ಹೇಳುವನು. ಹೇಳಲೆಂದೇ ಮನೆಯಲ್ಲಿ ನಿಘಂಟು ತಿರುವಿ ಹೊಸ ಪದ ಹುಡುಕಿ ತರುವನು. ಊರಿನಲ್ಲಿ ಎಲ್ಲಿಯೂ ಇಲ್ಲದ ಅಕ್ಕ ಆ ಗಿಡ್ಡ ಕುರ್ಚಿಗಳ ನಡುವೆ ಓಡಾಡಿಕೊಂಡಿದ್ದಳು. ಈಜು ಅನ್ನುವ ಕ್ರಿಯಾಪದ ಬಂದ ವಾರ, ನಿಜವಾಗಿ ನಡೆದದ್ದೆಲ್ಲ ಖಾಲಿಯಾಗಿತ್ತೋ ಏನೋ, ಅಕ್ಕ ಈಜು ಕಲಿಯುತ್ತಾಳೆ ಎಂದುಬಿಟ್ಟ. ಡ್ರೈವರಮ್ಮ ಹುಬ್ಬೇರಿಸಿ, "ಭೇಷ್!" ಎಂದಳು.

ಒಂದು ಸಂಜೆ ಟೀಚರು ಬೋರ್ಡಿನ ಮಧ್ಯೆ ಗೆರೆ ಎಳೆದರು. ಎಡಕ್ಕೆ ಇಷ್ಟು ದಿನ ಕಲಿತದ್ದು, ಬಲಕ್ಕೆ ಹೊಸದು. ಕುಡಿಯುತ್ತೇನೆ, ಕುಡಿದೆ. ಹೋಗುತ್ತೇನೆ, ಹೋದೆ. ಇಮಸು, ಇಮಶಿತ. ಪ್ರತಿಯೊಬ್ಬರೂ ತಮ್ಮ ಹಳೆಯ ವಾಕ್ಯವೊಂದನ್ನು ಬದಲಿಸಿ ಹೇಳಬೇಕು. ಗಂಡ ಹೆಂಡತಿ ನಿನ್ನೆ ಸಿನಿಮಾ ನೋಡಿದರು. ಹುಡುಗಿಯರು ಐಸ್ಕ್ರೀಮು ತಿಂದರು. ಅವನ ಸರದಿ ಬಂತು.

"ಅನೆ ಗಾ ಇಮಶಿತ."

ಟೀಚರು ಮೃದುವಾಗಿ ತಲೆಯಾಡಿಸಿದರು. "ಅಲ್ಲ ಅಲ್ಲ. ಅಕ್ಕ ಈಗಲೂ ಇದ್ದಾರಲ್ಲ? ಅವರಿಗೆ ಇಮಸು ಅನ್ನಬೇಕು. ಇನ್ನೊಂದು ಸಲ ಹೇಳಿ."

ಅವನು ಮೇಜಿನ ಅಂಚನ್ನು ನೋಡುತ್ತಾ ಇನ್ನೊಂದು ಸಲ ಹೇಳಿದ. "ಇಮಶಿತ."

ಬೋರ್ಡಿನ ಮುಂದೆ ಟೀಚರ ಕೈ ಹಾಗೇ ನಿಂತಿತು. "ಓ, ಹೌದಾ" ಎಂದು ಟೀಚರು ತಮ್ಮ ಭಾಷೆಯಲ್ಲಿ ಬಹಳ ಸಣ್ಣಗೆ ಅಂದು, ಸ್ವಲ್ಪ ತಲೆ ಬಾಗಿಸಿ, ಮುಂದಿನವರ ಕಡೆಗೆ ತಿರುಗಿದರು.

ಪಾಠ ಮುಗಿದು ಹೊರಗೆ ಬರುವಾಗ ಡ್ರೈವರಮ್ಮ ಓಣಿಯಲ್ಲಿ ಅವನನ್ನು ತಡೆದಳು. "ಯಾವಾಗ?"

"ಈ ಚಳಿ ಶುರುವಾಗೋ ಮುಂಚೆ."

"ಮತ್ತೆ ಈಜು ಕಲೀತಾರೆ ಅಂದ್ರಿ? ನಾನು ಮನೇಲಿ ನಮ್ಮೆಜಮಾನರಿಗೆ ಹೇಳಿದ್ದೆ, ಆ ಹೆಂಗಸನ್ನ ನೋಡಿ ಕಲೀರಿ, ಈ ವಯಸ್ಸಲ್ಲಿ ನೀರಿಗಿಳೀತಾರೆ ಅಂತ."

"ಆಗ ನಮಗೆ ಅಷ್ಟೇ ಪಾಠ ಆಗಿತ್ತು" ಎಂದ.

ಅವಳ ಮುಖ ಕೆಂಪಾಯಿತು. "ನಾನೇನು ನಿಮಗೆ ಬರೀ ಪುಸ್ತಕನಾ? ಹೇಳಿದ್ರೆ ಕೇಳ್ತಿರಲಿಲ್ವಾ?" ಎಂದು ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಹೊರಟುಹೋದಳು. ಮುಂದಿನ ವಾರ ಕಾಲೇಜು ಹುಡುಗಿಯರ ಪಕ್ಕ ಕೂತಳು. ಅದರ ಮುಂದಿನ ವಾರವೂ. ಅವನಿಗೆ ಟೀಚರೇ ಜೋಡಿ. ಟೀಚರು ಕುಟುಂಬದ ತಂಟೆಗೆ ಹೋಗದೆ, ಹವಾಮಾನ, ರೈಲು ಇಂಥದ್ದನ್ನೇ ಕೇಳುತ್ತಿದ್ದರು. ಅವರ ದಯೆ ಅವನಿಗೆ ಚಳಿಗಿಂತ ಹೆಚ್ಚು ಚುಚ್ಚಿತು.

ಮೂರನೆಯ ವಾರ ಡ್ರೈವರಮ್ಮ ಬಂದು ಹಳೆಯ ಜಾಗದಲ್ಲೇ ಕೂತಳು. ಪುಸ್ತಕ ಬಿಡಿಸಿ, ಬೆರಳಿಟ್ಟು ಓದಿದಳು: ನಿನ್ನೆ ಏನು ಮಾಡಿದಿರಿ?

ಏನೂ ಮಾಡಲಿಲ್ಲ.

ಎಲ್ಲಿಗೆ ಹೋದಿರಿ?

ಎಲ್ಲಿಗೂ ಹೋಗಲಿಲ್ಲ.

ಯಾರನ್ನು ನೋಡಿದಿರಿ?

ಯಾರನ್ನೂ ನೋಡಲಿಲ್ಲ.

ವ್ಯಾಕರಣ ಒಂದೂ ತಪ್ಪಿರಲಿಲ್ಲ. ಡ್ರೈವರಮ್ಮ ಪುಸ್ತಕ ಮುಚ್ಚಿ, ಆ ಊರಿನ ಭಾಷೆಯಲ್ಲೇ ಕೇಳಿದಳು: "ನಿಜ ಹೇಳಿ. ನಿಮ್ಮಕ್ಕನಿಗೆ ಈಜು ಬರ್ತಿತ್ತಾ?"

"ಇಲ್ಲ. ನೀರು ಕಂಡ್ರೆ ನಡುಗೋಳು. ಕೆರೆ ಕಡೆ ಹೋದ್ರೆ ನನ್ನ ಕಿವಿ ಹಿಂಡೋಳು."

ಅವಳು ನಕ್ಕಳು. ಅವನಿಗೂ ನಗು ಬಂತು, ಅದರ ಹಿಂದೆಯೇ ಕಣ್ಣು ಉರಿಯಿತು. ಟೀಚರು ಕಂಡೂ ಕಾಣದವರಂತೆ ಬೋರ್ಡು ಒರೆಸುತ್ತಿದ್ದರು.

ಕೋರ್ಸು ಮುಗಿಯುವ ಹೊತ್ತಿಗೆ ಡ್ರೈವರಮ್ಮನ ಪಾಳಿ ಸಂಜೆಗೆ ಬದಲಾಯಿತು. ಮುಂದಿನ ಕೋರ್ಸಿಗೆ ಬರುವಂತಿಲ್ಲ ಎಂದಳು. ಗಂಡ ಹೆಂಡತಿ ಪ್ರವಾಸಕ್ಕೆ ಹೊರಟರು. ಕೊನೆಯ ದಿನ ಎಲ್ಲರೂ ಕೈಕುಲುಕಿ, ಸಿಗೋಣ ಸಿಗೋಣ ಎಂದರು. ಯಾರೂ ಎಲ್ಲಿ ಅಂತ ಹೇಳಲಿಲ್ಲ.

ಆ ಭಾನುವಾರ ಭಾವ ಫೋನು ಮಾಡಿದರು. ಮಾತಾಡಲು ಬಾರದ ಮನುಷ್ಯ. ಸುಮಾರು ಹೊತ್ತು ಉಸಿರು ಮಾತ್ರ ಕೇಳಿಸಿತು.

"ಊಟ ಆಯ್ತಾ?"

"ಆಯ್ತು ಭಾವ. ನಿಮ್ದು?"

"ಹೂಂ. ಅನ್ನ ಮುದ್ದೆ ಆಗುತ್ತೆ ಕಣೋ. ನೀನು ನೀರು ಎಷ್ಟು ಹಾಕ್ತೀಯ?"

ಅವನು ಹೇಳಿದ. ಭಾವ ಅದನ್ನೇ ತಿರುಗಿ ಹೇಳಿ ಖಚಿತ ಮಾಡಿಕೊಂಡರು.

"ಅದೇನೋ ಭಾಷೆ ಕಲೀತಿದ್ಯಂತಲ್ಲ. ಅವಳು ಬಂದವರಿಗೆಲ್ಲ ಹೇಳ್ತಿದ್ಲು. ಇನ್ನೂ ಹೋಗ್ತೀಯಾ?"

"ಹೋಗ್ತೀನಿ ಭಾವ."

"ಹೋಗು. ಬಿಡಬೇಡ" ಎಂದು, ಇಡ್ತೀನಿ ಅಂತಲೂ ಹೇಳದೆ ಫೋನಿಟ್ಟರು.

ಹೊಸ ಕೋರ್ಸಿನ ಮೊದಲ ಸಂಜೆ ಅವನು ಬೇಗ ಹೋದ. ಕೋಣೆಗೆ ಬೀಗ ಹಾಕಿತ್ತು. ತಣ್ಣನೆಯ ಮೆಟ್ಟಿಲ ಮೇಲೆ, ಚೀಲ ಪಕ್ಕಕ್ಕಿಟ್ಟುಕೊಂಡು ಕೂತ. ತುಸು ಹೊತ್ತಿಗೆ ಅಪರಿಚಿತ ಮುದುಕರೊಬ್ಬರು ಏದುಸಿರು ಬಿಡುತ್ತಾ ಮೇಲೆ ಹತ್ತಿ ಬಂದು, ಜಪಾನೀ ತರಗತಿ ಇದೇನಾ ಎಂದು ಕೇಳಿದರು.

"ಇದೇ. ಇನ್ನೂ ತೆಗೆದಿಲ್ಲ" ಎಂದು ಅವನು ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಅವರಿಗೆ ಜಾಗ ಬಿಟ್ಟ.